ಅಪ್ಪನ ಕಿವಿಯ ಎತ್ತರ

ಬರುವ ಭಾನುವಾರದೊಳಗೆ ನಮ್ಮ ಹಜಾರದಲ್ಲಿ ಹೆಲಿಕಾಪ್ಟರ್ ಹಾರಿಸಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದೆ! ಅದು ಬೆನ್ನ ಹಿಂದಿನಿಂದ ಹೊರಡಬೇಕು, ಸೋಫಾದ ಮೇಲೆ ಗಡಗಡಿಸಬೇಕು, ಮನೆಯವರೆಲ್ಲ ತಲೆ ತಗ್ಗಿಸುವಂತೆ ಹಾದು ಟಿವಿಯೊಳಗೆ ಹೋಗಿ ಇಳಿಯಬೇಕು!

ಪ್ರತಿಜ್ಞೆಯನ್ನು ಮನಸ್ಸಿನಲ್ಲೇ ಮಾಡಿದೆ. ಗಟ್ಟಿಯಾಗಿ ಹೇಳಲು ಧೈರ್ಯ ಇರಲಿಲ್ಲ. ಯಾರಾದರೂ ಬಾಗಿಲು ಬಡಿದರೆ "ಯಾರು?" ಎಂದು ಕೇಳುವ ಬದಲು, ಬಡಿದವರೇ ಬೇಸತ್ತು ವಾಪಸು ಹೋಗಲಿ ಎಂದು ಉಸಿರು ಹಿಡಿದು ಕೂರುವ ಜಾತಿ ನನ್ನದು. ಅಕ್ಕ ನನಗಿಟ್ಟಿರುವ ಹೆಸರು ಬಾಯಿಬೀಗ. ಸ್ಕೂಲನ್ನು ಅರ್ಧಕ್ಕೆ ಬಿಟ್ಟಿದ್ದೂ ಇದೇ ಕಾರಣಕ್ಕೆ. ಉತ್ತರ ಗೊತ್ತಿರುತ್ತಿತ್ತು. ಎದ್ದು ನಿಂತರೆ ಅದು ಗಂಟಲಲ್ಲೇ ಕುಳಿತುಬಿಡುತ್ತಿತ್ತು.

ಅಮ್ಮನ ತಮ್ಮ, ಅಂದರೆ ನನ್ನ ಮಾವ, ಮನೆಮನೆಗೆ ಹೋಗಿ ಸ್ಪೀಕರ್ ಕೂರಿಸುವ ಕೆಲಸ ಮಾಡುತ್ತಾರೆ. ಆ ವಾರ ಅವರು ಒಂದು ದೊಡ್ಡ ಡಬ್ಬ ತಂದು ನನ್ನ ಮುಂದಿಟ್ಟರು. ಒಳಗೆ ಸಿನಿಮಾದ ಸದ್ದು ಸುತ್ತಲಿಂದಲೂ ಬರುವಂತೆ ಮಾಡುವ ಐದು ಸ್ಪೀಕರು, ಜೊತೆಗೆ ಧಡಂಧುಡುಂ ಸದ್ದಿಗೆಂದೇ ಒಂದು ಡೊಳ್ಳುಹೊಟ್ಟೆಯ ಪೆಟ್ಟಿಗೆ.

"ನೀನೊಬ್ನೇ ಕೂರಿಸು. ಭಾನುವಾರ ಬಂದು ಕೇಳ್ತೀನಿ. ಚೆನ್ನಾಗಿದ್ರೆ ಸೋಮವಾರದಿಂದ ನನ್ ಜೊತೆ ಕೆಲಸಕ್ಕೆ ಬಾ. ಇಲ್ದಿದ್ರೆ ನಿಮ್ಮಪ್ಪ ಹೇಳೋ ಹಾಗೆ ಸ್ಕೂಲಿಗೆ ವಾಪಸ್!"

ಮತ್ತೆ ಆ ಬೆಂಚು! ಮತ್ತೆ "ಎದ್ದು ನಿಂತು ಹೇಳು!" ಗೋಡೆಗಾದರೆ ತೂತು ಕೊರೆದರೆ ಸಾಕು. ಅದು ಪ್ರಶ್ನೆ ಕೇಳುವುದಿಲ್ಲ!

ಡಬ್ಬದಲ್ಲಿದ್ದ ಪುಸ್ತಿಕೆಯನ್ನು ನಾನು ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ಓದಿದೆ. ಅದರಲ್ಲಿ ಒಂದು ವಾಕ್ಯ ದಪ್ಪಕ್ಷರದಲ್ಲಿತ್ತು: "ಸ್ಪೀಕರುಗಳು ಕೇಳುಗನ ಕಿವಿಯ ಎತ್ತರದಲ್ಲಿರಬೇಕು. ಅಳೆಯುವಾಗ ಕೇಳುಗನು ಎಂದಿನ ಜಾಗದಲ್ಲಿ, ಎಂದಿನಂತೆಯೇ ಇರಬೇಕು."

ಸರಿ, ಆದರೆ ಯಾರ ಕಿವಿ? ಅಮ್ಮ ಟಿವಿ ನೋಡುವುದು ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿಕೊಂಡು, ಅದೂ ಓರೆಗಣ್ಣಿನಲ್ಲಿ. ಅಕ್ಕ ಫೋನು ಹಿಡಿದು ಅಡ್ಡಾಡುತ್ತಾ ನೋಡುತ್ತಾಳೆ. ಅವಳ ಕಿವಿಗೆ ಸ್ಪೀಕರ್ ಕೂರಿಸಬೇಕೆಂದರೆ ಸ್ಪೀಕರಿಗೆ ಗಾಲಿ ಹಾಕಬೇಕು. ಅಜ್ಜಿಯನ್ನು ಕೇಳಿದೆ.

"ನನಗ್ಯಾಕಪ್ಪ ಐದು? ಕೇಳ್ಸೋದೇ ಒಂದು ಕಿವೀಲಿ. ಆ ಡಬ್ಬ ಮಾತ್ರ ಎಸೀಬೇಡ, ನನಗೆ ಬೇಕು."

ಹಾಗಾಗಿ ಉಳಿದದ್ದು ಅಪ್ಪ. ಸೋಫಾದ ನಟ್ಟನಡುವಿನ ಜಾಗ ಅಪ್ಪನದೇ. ಅವರು ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ, ಊಟ ಮಾಡಿ ಟಿವಿಯ ಮುಂದೆ ನೆಟ್ಟಗೆ ಕೂರುತ್ತಾರೆ. ಆಮೇಲೆ ನಿಧಾನವಾಗಿ ಜಾರಲು ಶುರು! ಮೊದಲು ಬೆನ್ನು ಜಾರುತ್ತದೆ, ಆಮೇಲೆ ಭುಜ. ಕೊನೆಗೆ ತಲೆ ಸೋಫಾದ ಒರಗಿನ ಬುಡಕ್ಕೆ ಬಂದು ನಿಲ್ಲುತ್ತದೆ, ಕಾಲು ಎದುರಿನ ಸ್ಟೂಲಿನ ಮೇಲೆ. ಇಡೀ ಮಧ್ಯಾಹ್ನ ಹಾಗೆಯೇ. ಬಸ್ಸನ್ನು ಒಂದು ದಿನವೂ ದಾರಿಯಿಂದ ಜಾರಿಸದ ಮನುಷ್ಯ ಮನೆಯಲ್ಲಿ ತಾವೇ ಜಾರುತ್ತಾರೆ.

"ಅಪ್ಪ, ನಿಮ್ಮ ಕಿವಿ ಅಳೀಬೇಕು, ಸ್ವಲ್ಪ ಕೂತ್ಕೊಳ್ಳಿ" ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ನಾನು ಕೇಳುತ್ತೇನೆಯೇ? ಪುಸ್ತಿಕೆಯೇ ಹೇಳಿದೆಯಲ್ಲ, ಎಂದಿನಂತೆಯೇ ಇರಬೇಕು ಎಂದು! ಗೊರಕೆ ಶುರುವಾಗುವವರೆಗೆ ಕಾದೆ. ಅಮ್ಮನ ಹೊಲಿಗೆ ಟೇಪು ತೆಗೆದುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೋದೆ. ನೆಲದಿಂದ ಬಲಗಿವಿಗೆ ಅಳೆದೆ. ಎಡಗಿವಿಗೂ ಅಳೆದೆ, ಎರಡೂ ಒಂದೇ ಎತ್ತರ ಇರುತ್ತವೆ ಎಂದು ನಂಬುವುದು ಹೇಗೆ? ಎಡಗಿವಿ ಒಂದು ನೂಲು ಮೇಲಿತ್ತು! ಗೋಡೆಯವರೆಗೆ ದಾರ ಎಳೆಯಲು ಅಕ್ಕನನ್ನು ಕರೆದೆ. ಅವಳು ದಾರದ ತುದಿಯನ್ನು ಅಪ್ಪನ ಕಿವಿಗೆ ಹಿಡಿದು, ನಗು ತಡೆಯಲಾರದೆ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಲೋ ಬಾಯಿಬೀಗ, ಇದು ಸರಿ ಅನ್ಸತ್ತಾ ನಿಂಗೆ?"

"ಅಲ್ಲಾಡಿಸ್ಬೇಡ" ಎಂದೆ, ತಜ್ಞನ ಗತ್ತಿನಲ್ಲಿ.

ಅಪ್ಪ ನಿದ್ದೆಯಲ್ಲೇ ನೊಣವೆಂದುಕೊಂಡು ಕಿವಿಯ ಮೇಲೆ ಪಟಾರೆಂದು ಹೊಡೆದುಕೊಂಡರು. ನಾವಿಬ್ಬರೂ ಸೋಫಾದ ಹಿಂದೆ ಬಿದ್ದೆವು. ಎದ್ದು ಮತ್ತೆ ಮೊದಲಿಂದ ಅಳೆದೆ. ಅಳತೆ ಅಂದರೆ ಅಳತೆ!

ಗೋಡೆಯ ಮೇಲೆ ಗುರುತು ಹಾಕಿದಾಗ ಅದು ಸ್ವಲ್ಪ ಕೆಳಗಿದೆ ಅನ್ನಿಸಿದ್ದು ನಿಜ. ಎಷ್ಟು ಕೆಳಗೆ ಎಂದರೆ, ಗುರುತು ಹಾಕಲು ನಾನು ಮಂಡಿಯೂರಬೇಕಾಯಿತು. ಆದರೆ ಅನ್ನಿಸುವುದು ಬೇರೆ, ಟೇಪು ಹೇಳುವುದು ಬೇರೆ. ನಾನು ಟೇಪಿನ ಪಕ್ಷ.

ಅಲ್ಲಿಂದ ನಮ್ಮ ಮನೆಯಲ್ಲಿ ಮಹಾವಲಸೆ ಆರಂಭವಾಯಿತು! ಎಡ ಸ್ಪೀಕರಿನ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಇತ್ತು. ಚಪ್ಪಲಿಗಳು ಪುಸ್ತಕದ ಕಪಾಟಿಗೆ ಹೋದವು. ಪುಸ್ತಕಗಳು ಅಡುಗೆಮನೆಗೆ, ಅಡುಗೆಮನೆಯ ದೊಡ್ಡ ಪಾತ್ರೆಗಳು ಬಚ್ಚಲಿಗೆ. ಬಚ್ಚಲಿನ ಬಕೆಟ್ಟಿಗೆ ಜಾಗ ಸಾಲದೆ ಅದು ಅಜ್ಜಿಯ ಮಂಚದಡಿಗೆ ಬಂತು. ಬಲ ಸ್ಪೀಕರಿಗೆ ಅಮ್ಮನ ಹೊಲಿಗೆ ಮಿಷನ್ನೇ ಅಡ್ಡ.

"ನನ್ನ ಮಿಷನ್ ಮುಟ್ಟಿದ್ರೆ ನಿನ್ನನ್ನೇ ಹೊಲಿದುಬಿಡ್ತೀನಿ!"

"ಸ್ವಲ್ಪ ಅಮ್ಮ... ಒಂದು ಗೇಣು..."

"ಲೇ, ಸಾಂಬಾರು ಬಗ್ಗಿಸೋ ಸೌಟು ಹುಡುಕಿದ್ರೆ ನಿನ್ನ ಸಮಾಜಶಾಸ್ತ್ರ ಸಿಗುತ್ತಲ್ಲೋ! ಸ್ಕೂಲಲ್ಲಿ ಓದದ ಪುಸ್ತಕ ನನ್ನ ಒಲೆ ಪಕ್ಕ ಯಾಕೋ?"

ಡ್ರಿಲ್ ಹಿಡಿದೆ. ಗೋಡೆ ಪ್ರಶ್ನೆ ಕೇಳುವುದಿಲ್ಲ ಎಂದೆನಲ್ಲ, ಕೇಳಲಿಲ್ಲ. ಮುಖಕ್ಕೇ ಉಗುಳಿತು! ಕೆಂಪು ಪುಡಿ ನನ್ನ ತಲೆ, ಸೋಫಾ, ಅಮ್ಮ ಅಂದೇ ಹೊಲಿದು ಮುಗಿಸಿದ್ದ ಪಕ್ಕದ ಮನೆಯವರ ಬಿಳಿ ಅಂಗಿ, ಎಲ್ಲದರ ಮೇಲೂ ಕೂತಿತು. ಆ ಅಂಗಿಯನ್ನು ನಾನೇ ಒಗೆದೆ, ನಾನೇ ಇಸ್ತ್ರಿ ಮಾಡಿದೆ. ಆದರೆ ಸ್ಪೀಕರುಗಳು ಮಾತ್ರ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಕೂತವು.

ಭಾನುವಾರ ಮಾವ ಬಂದರು. ಭಾವಮೈದುನ ಬಂದನೆಂದು ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಬಸ್ಸಿನ ಸೀಟಿನಲ್ಲಿದ್ದಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮಾವ ಅವರ ಪಕ್ಕ ಕೂತು ಗೋಡೆ ನೋಡಿದರು. ಗೋಡೆಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕೆಳಗೆ ನೋಡಿದರು.

"ಇದೇನೋ, ಮನೇಲಿ ನಾಯಿ ಸಾಕಿದ್ದೀರಾ? ಅದಕ್ಕೆ ಹಾಕಿರೋದಾ?"

ರಿಮೋಟು ಒತ್ತಿ ಸಿನಿಮಾ ಹಾಕಿದೆ. ಹೆಲಿಕಾಪ್ಟರ್ ಬಂತು! ಬಂದದ್ದೇನೋ ನಿಜ. ಆದರೆ ಸೋಫಾದ ಮೇಲಲ್ಲ, ಸ್ಟೂಲಿನ ಅಡಿಯಲ್ಲಿ! ಮಾವ ಎರಡೂ ಕಾಲು ಮೇಲೆತ್ತಿಕೊಂಡರು.

"ನನ್ನ ಮೊಣಕಾಲಿಗೆ ತುಂಬಾ ಚೆನ್ನಾಗಿ ಕೇಳಿಸ್ತಿದೆ ಕಣೋ. ಕಿವಿಗೆ ಮಾತ್ರ ಏನೂ ಇಲ್ಲ. ಯಾರ ಅಳತೆ ಇದು?"

ಅಕ್ಕ ಗೋಡೆಯ ಕಡೆ ತಿರುಗಿ ಅಲುಗಾಡುತ್ತಿದ್ದಳು. ಅಮ್ಮ ಮಿಷನ್ ನಿಲ್ಲಿಸಿದರು. ಕಣ್ಣ ಮುಂದೆ ಆ ಬೆಂಚು ಬಂದು ನಿಂತಿತು. "ಎದ್ದು ನಿಂತು ಹೇಳು!" ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ನನ್ನ ಕೆಲಸ ಹೋಗುತ್ತದೆ. ಉತ್ತರದ ಬದಲು ಜೇಬಿನಿಂದ ಟೇಪು, ದಾರ ತೆಗೆದು ಮುಂದೆ ಹಿಡಿದೆ.

ಆಗ ಅಪ್ಪ ಕೆಮ್ಮಿದರು. ಟೇಪನ್ನು ನೋಡಿದರು, ದಾರವನ್ನು ನೋಡಿದರು, ತಮ್ಮ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

"ಓಹೋ, ಮೊನ್ನೆ ಆ ನೊಣ... ಅವನನ್ನ ಬಯ್ಯಬೇಡ ಕಣಯ್ಯ. ಹುಡುಗ ತಪ್ಪು ಅಳೆದಿಲ್ಲ" ಎಂದವರೇ ಇಸ್ತ್ರಿ ಅಂಗಿ ಸುಕ್ಕಾಗುವುದನ್ನೂ ಲೆಕ್ಕಿಸದೆ, ಎಲ್ಲರ ಎದುರಿಗೇ ನಿಧಾನವಾಗಿ ಜಾರಿದರು. ಬೆನ್ನು, ಭುಜ, ತಲೆ. ಕಾಲು ಸ್ಟೂಲಿನ ಮೇಲೆ. "ನಾನು ಇರೋದೇ ಹೀಗೆ. ಈಗ ಹಾಕು ಮಗ."

ಹಾಕಿದೆ. ಅಪ್ಪ ಕಣ್ಣರಳಿಸಿದರು. "ಅಯ್ಯೋ! ತಲೆ ಮೇಲೇ ಹೋಯ್ತಲ್ಲೋ!"

ನನಗೆ ಎಲ್ಲಿಂದ ಬಂತೋ ಧೈರ್ಯ! "ಮಾವ, ನೀವೂ ಸ್ವಲ್ಪ ಜಾರಿ" ಎಂದೆ.

ಮಾವ ಗೊಣಗುತ್ತಲೇ ಜಾರಿದರು. ಹೆಲಿಕಾಪ್ಟರ್ ಹಾದುಹೋಯಿತು. ಮಾವ ಕೈಯಿಂದ ತಲೆ ಮುಚ್ಚಿಕೊಂಡರು! ಅಮ್ಮ ಮಿಷನ್ ಬಿಟ್ಟು ಬಂದು ಜಾರಿದರು, ಅಕ್ಕ ಫೋನು ಬಿಟ್ಟು ಬಂದು ಜಾರಿದಳು. ಅಜ್ಜಿ ಡಬ್ಬ ತಬ್ಬಿಕೊಂಡು ಬಂದು ನೋಡಿ, "ಏನಾಯ್ತೇ, ಎಲ್ಲರಿಗೂ ಒಟ್ಟಿಗೇ ತಲೆ ಸುತ್ತು ಬಂತಾ?" ಎಂದರು. ಚಿತ್ರ ಅರ್ಧ ಆಗುವಷ್ಟರಲ್ಲಿ ಅಪ್ಪನ ಗೊರಕೆ ಎಡದಿಂದ, ಮಾವನ ಗೊರಕೆ ಬಲದಿಂದ ಬರುತ್ತಿತ್ತು. ಅದೂ ಕಿವಿಯ ಎತ್ತರದಲ್ಲೇ!

ಎದ್ದ ಮೇಲೆ ಮಾವ ತೀರ್ಪು ಕೊಟ್ಟರು. "ಅಳತೆಗೆ ನೂರಕ್ಕೆ ನೂರು. ಆದ್ರೆ ಒಂದು ಮಾತು ಆಡಿದ್ರೆ ಸಾಕಾಗಿತ್ತು, ನೀನು ಆಡ್ಲಿಲ್ಲ. ಸೋಮವಾರ ಬಾ. ಡ್ರಿಲ್ ನನ್ನ ಕೈಲಿರುತ್ತೆ. ಗಿರಾಕಿ ಮನೆಯವರ ಹತ್ರ ಮಾತಾಡೋದು ನಿನ್ನ ಕೆಲಸ!"

ಸ್ಕೂಲಿಗೆ ಹೆದರಿ ಓಡಿದವನಿಗೆ ಬಾಯಿಯದೇ ಕೆಲಸ! ಸೋಮವಾರ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಉರು ಹೊಡೆದೆ. ಮೊದಲ ಗಿರಾಕಿಯ ಮನೆಯಲ್ಲಿ ಬಾಗಿಲು ತೆರೆದವರು ದಪ್ಪ ಮೀಸೆಯ ಯಜಮಾನರು. ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟೆ: "ಸರ್, ನೀವು ಟಿವಿ ಮುಂದೆ ಹೇಗೆ ಕೂರ್ತೀರಿ?"

"ಹೇಗೆ ಅಂದ್ರೆ? ನೆಟ್ಟಗೆ!" ಎಂದು ಅವರು ಎದೆಯುಬ್ಬಿಸಿದರು. ಒಳಗಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಆ ನಗುವಿನ ಅರ್ಥ ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಟೇಪು ತೆಗೆದು, ಬಹಳ ಗೌರವದಿಂದ, ನನ್ನ ಜೀವನದಲ್ಲೇ ಅತಿ ಉದ್ದದ ಮಾತು ಆಡಿದೆ: "ಪರವಾಗಿಲ್ಲ ಸರ್, ನೀವು ಊಟ ಮಾಡಿ ಬನ್ನಿ, ನಿಮಗೆ ಗೊರಕೆ ಬರೋವರೆಗೂ ನಾವು ಸೋಫಾ ಹಿಂದೆ ಕಾಯ್ತೀವಿ."

ಬಾಗಿಲು ಮುಚ್ಚಿದ ಸದ್ದು ಐದೂ ದಿಕ್ಕಿನಿಂದ ಕೇಳಿಸಿತು.

ಮಾವ ಮೆಟ್ಟಿಲಿಳಿಯುತ್ತಾ ನನ್ನ ಹೆಗಲ ಮೇಲೆ ಕೈ ಹಾಕಿದರು. ಆಮೇಲೆ ಮೆತ್ತಗೆ ಹೇಳಿದರು:

"ನಾಳೆಯಿಂದ ಡ್ರಿಲ್ ನೀನೇ ಹಿಡ್ಕೋ. ಆ ಬೀಗ ಮಾತ್ರ ಮನೇಲಿ ಬಿಟ್ಟು ಬರ್ಬೇಡ ಕಂದ, ಹಾಕ್ಕೊಂಡೇ ಬಾ."