ಹೆಣ ಅಳಬಾರದು

ಹೊಟ್ಟೆತುಂಬ ಉಂಡು ಸುಖವಾಗಿ ಮಲಗಿದ್ದ ಸೋದರಮಾವನನ್ನು ಸಿಮೆಂಟು ಗೋದಾಮಿನ ಗುಮಾಸ್ತ ಬೆಳಗಾಗುವುದರೊಳಗೆ ಫೋನಿನಲ್ಲೇ ಸಾಯಿಸಿಬಿಟ್ಟ.

"ಹೋದ ವರ್ಷವೂ ಒಬ್ಬ ಸೋದರಮಾವ ಹೋಗಿದ್ರಲ್ಲಯ್ಯ?" ಎಂದರು ಮ್ಯಾನೇಜರು.

"ಅವರು ದೊಡ್ಡವರು ಸಾರ್. ಇವರು ಚಿಕ್ಕವರು."

"ಸುಳ್ಳು ಅಂತ ಗೊತ್ತಾದ್ರೆ ಗೋದಾಮಿನ ಹೊಸಿಲು ತುಳೀಬೇಡ, ನೆನಪಿರಲಿ."

ರಜೆ ಸಿಕ್ಕಿತು. ಗುಮಾಸ್ತ ಸಿನಿಮಾದಲ್ಲಿ ಹೆಣವಾಗಲು ಹೊರಟ.

ಆ ಸಿನಿಮಾದಲ್ಲಿ ಮೂರು ಕತೆ. ಒಂದರಲ್ಲಿ ಕಳ್ಳರು, ಇನ್ನೊಂದರಲ್ಲಿ ಜಗಳಗಂಟ ದಂಪತಿ, ಮತ್ತೊಂದರಲ್ಲಿ ಒಬ್ಬ ಡಾಕ್ಟರು. ಮೂರು ಮನೆಯನ್ನೂ ಒಂದೇ ಹೆಣ ಸುತ್ತಿಬರುತ್ತದೆ. ಸಿಮೆಂಟಿನ ಧೂಳಿನಲ್ಲಿ ಉಸಿರು ಬಿಗಿಹಿಡಿದು ಪಳಗಿದ್ದ ಗುಮಾಸ್ತನನ್ನು ಕಂಡು ನಿರ್ದೇಶಕ, "ಮೂರು ಕತೇನೂ ಸೇರಿಸಿ ಕಟ್ಟೋ ಗಂಟು ನೀವೇ," ಎಂದಿದ್ದ. ಹುಟ್ಟಿದ ಮೇಲೆ ಗುಮಾಸ್ತನನ್ನು ಯಾರೂ ಅಷ್ಟು ದೊಡ್ಡ ಮಾತಿನಿಂದ ಕರೆದಿರಲಿಲ್ಲ. ಹೆಂಡತಿ ಬೀದಿಗೆಲ್ಲ ಸುದ್ದಿ ಹಂಚಿಯಾಗಿತ್ತು.

ವ್ಯಾನು ಯಾವುದೋ ಮನೆಯ ಮುಂದೆ ಇಳಿಸಿತು. ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿ ಕಣ್ಣೆತ್ತಿದರೆ, ಗೋಡೆಯ ಫೋಟೋದಿಂದ ಮ್ಯಾನೇಜರು ಮೀಸೆ ಸಮೇತ ದುರುಗುಟ್ಟುತ್ತಿದ್ದರು!

"ಅಕ್ಕಾ, ಇದು ಯಾರ ಮನೆ?"

"ಯಾವುದೋ ಗೋದಾಮಿನ ಮ್ಯಾನೇಜರದ್ದಂತೆ. ಶೂಟಿಂಗಿಗೆ ಬಾಡಿಗೆ ಕೊಟ್ಟಿದಾರೆ. ಊಟದ ಹೊತ್ತಿಗೆ ನೋಡೋಕೆ ಬರ್ತಾರೆ," ಎಂದಳು ಮೇಕಪ್ಪಿನಾಕೆ. "ಅರೆ! ನಾನು ಬಣ್ಣ ಹಚ್ಚೋ ಮೊದಲೇ ಬಿಳಿಚಿಕೊಂಡ್ರಲ್ಲ! ಕಲಾವಿದರು ಅಂದ್ರೆ ಹೀಗಿರಬೇಕು."

ಗುಮಾಸ್ತ ನಿರ್ದೇಶಕನಿಗೆ ಕೈಮುಗಿದ. "ಮುಖ ಮುಚ್ಚಿಬಿಟ್ರೆ ಆಗಲ್ವಾ ಸಾರ್?"

"ಮುಚ್ಚಿದ್ರೆ ಮೂರು ಕತೆಗೂ ಅದೇ ಹೆಣ ಅಂತ ಜನಕ್ಕೆ ಹೇಗ್ರೀ ಗೊತ್ತಾಗ್ಬೇಕು? ಹೆಣದ ಅಣ್ಣನ ಪಾತ್ರದವನು ಬಂದು ಹೊದಿಕೆ ಎತ್ತೋವರೆಗೆ ಮುಚ್ಚಿರ್ತೀವಿ, ಸುಮ್ನೆ ಮಲಗಿ."

ಹೊದಿಕೆಯೊಳಗೆ ಕತ್ತಲು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಪರಿಚಿತ ಕೆಮ್ಮು. ಗುಮಾಸ್ತ ಹೊದಿಕೆಯ ಅಂಚನ್ನು ತಲೆಯಡಿಗೆ ಸಿಕ್ಕಿಸಿಕೊಂಡ. 'ದೇವರೇ, ಇದೊಂದು ಗಳಿಗೆ ನನ್ನನ್ನು ನಿಜವಾಗಿಯೂ ಸಾಯಿಸು, ಆಮೇಲೆ ವಾಪಸ್ ಕಳಿಸು' ಎಂದು ಬೇಡಿಕೊಂಡ. ಭಗವಂತ ದಯಾಮಯ, ನಿಜ. ಆದರೆ ಪ್ರಾಣವನ್ನು ಕೈಗಡ ತೆಗೆದುಕೊಳ್ಳುವ ವ್ಯವಹಾರ ಅವನಲ್ಲಿಲ್ಲ.

ಅಷ್ಟರಲ್ಲಿ ಅಣ್ಣನ ಪಾತ್ರದವನು ಬೈಕಿನಿಂದ ಬಿದ್ದ ಸುದ್ದಿ ಬಂತು. ನಿರ್ದೇಶಕನ ಕಣ್ಣು ಮನೆಯ ಯಜಮಾನರ ಮೇಲೆ ಬಿತ್ತು.

"ನೀವೇ ಅಣ್ಣ ಆಗ್ಬಿಡಿ ಸಾರ್. ಹೊದಿಕೆ ಎತ್ತಿ ಅತ್ತರೆ ಮುಗೀತು."

"ನನಗೆ ಅಳು ಬರಲ್ಲ ಕಣ್ರೀ," ಎಂದರು ಮ್ಯಾನೇಜರು ಮೀಸೆ ತೀಡುತ್ತಾ.

"ಮುಖ ನೋಡಿ. ತಾನಾಗೇ ಬರುತ್ತೆ."

ಹೊದಿಕೆ ಎದ್ದಿತು. ಮ್ಯಾನೇಜರು ನೋಡಿದರು.

"ಅಯ್ಯೋ!" ಎಂದು ಹೊಟ್ಟೆಯಾಳದಿಂದ ಹೊರಟ ಕೂಗಿಗೆ ಮನೆಯ ಕಿಟಕಿಗಳೇ ನಡುಗಿದವು. ಹೆಣದ ಎದೆಯ ಮೇಲೆ ಬಿದ್ದು ಗುದ್ದಿದರು. "ತಮ್ಮಾ! ನನ್ನ ಬಿಟ್ಟು ಹೋದ್ಯೇನೋ!" ಎಂದು ಗಟ್ಟಿಯಾಗಿ ಗೋಳಾಡಿ, ಕಿವಿಯ ಬಳಿ ಮೆಲ್ಲಗೆ, "ಸತ್ತಿದ್ದು ನಿನ್ನ ಮಾವನೋ ನೀನೋ? ನಾಳೆ ಬಾ, ನಿನ್ನ ಕೆಲಸ ನಾನೇ ಮಣ್ಣು ಮಾಡ್ತೀನಿ," ಎಂದರು.

ಹೆಣದ ಮುಚ್ಚಿದ ಕಣ್ಣಿನಿಂದ ನೀರು ಬಳಬಳ ಇಳಿಯಿತು.

"ಕಟ್!" ನಿರ್ದೇಶಕ ಕುಣಿದಾಡಿದ. "ಸಿಟ್ಟು, ದುಃಖ ಎಲ್ಲಾ ಒಟ್ಟಿಗೇ! ಇನ್ಮೇಲೆ ಮೂರು ಕತೆಗೂ ಈ ಅಣ್ಣನೇ ಗಂಟು. ನಾಳೆಯಿಂದ ದಿನಾ ಬರಬೇಕು ಸಾರ್!" ಎಂದವನು ಮಂಚದತ್ತ ತಿರುಗಿದ. "ನೀವ್ಯಾಕ್ರೀ ಅತ್ತಿದ್ದು? ಹೆಣ ಅಳುತ್ತಾ? ಏಳಿ, ಏಳಿ. ಮುಖ ಮುಚ್ಚಿಟ್ರೆ ಎರಡು ದಿಂಬು ಸಾಕು."

ಗುಮಾಸ್ತ ಎದ್ದ ಜಾಗದಲ್ಲಿ ದಿಂಬುಗಳು ಮಲಗಿದವು. ಕನ್ನಡಿಯ ಮುಂದೆ ಮುಖಕ್ಕೆ ಪೌಡರು ಬಳಿಸಿಕೊಳ್ಳುತ್ತಿದ್ದ ಮ್ಯಾನೇಜರ ಬಳಿ ಅವನು ಹೋಗಿ ನಿಂತ.

"ಸಾರ್, ನನ್ನ ಕೆಲಸ..."

"ಅದೆಲ್ಲಿಗೆ ಹೋಗುತ್ತಪ್ಪಾ?" ಮ್ಯಾನೇಜರ ದನಿ ಬೆಣ್ಣೆಯಾಗಿತ್ತು. "ನಾಳೆ ಬೇಗ ಬಂದು ನನ್ನ ಕೆಲಸಾನೂ ನೋಡ್ಕೋ. ದೊಡ್ಡ ಧಣಿಗಳು ಫೋನ್ ಮಾಡಿದ್ರೆ ಏನಾದ್ರೂ ಹೇಳು. ಆ ವಿದ್ಯೆ ನಿನಗೆ ಹೇಳಿಕೊಡಬೇಕಾ?"

ಮರುದಿನ ಗೋದಾಮಿನ ಬೀಗ ತೆಗೆಯುತ್ತಿದ್ದಂತೆಯೇ ಫೋನು ಹೊಡೆದುಕೊಂಡಿತು. ದೊಡ್ಡ ಧಣಿಗಳು.

"ಮ್ಯಾನೇಜರ್ ಎಲ್ಲಯ್ಯಾ?"

ಗುಮಾಸ್ತನ ನಾಲಿಗೆ ರೂಢಿಯ ದಾರಿಯಲ್ಲೇ ಓಡಿತು. "ರಜೆ, ಧಣಿ. ಅವರ ಸೋದರಮಾವ ತೀರಿಕೊಂಡ್ರು. ಪಾಪ, ಬಹಳ ಅಳ್ತಿದ್ರು."



"ಅವನಿಗಿರೋ ಸೋದರಮಾವ ನಾನೊಬ್ಬನೇ ಕಣಯ್ಯಾ."

ಗುಮಾಸ್ತ ಉಸಿರು ಬಿಗಿಹಿಡಿದ. ಈ ಸಲ ಒಂದು ರೆಪ್ಪೆಯೂ ಅಲುಗಲಿಲ್ಲ. 'ಕಟ್' ಅನ್ನುವವರು ಮಾತ್ರ ಯಾರೂ ಇರಲಿಲ್ಲ.