ಹೆಬ್ಬೆರಳಿನ ಪಾಲು

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ಜಾಲಾಡಿದರೂ ನಮ್ಮ ಕಾಕಾನಂಥ ಜಿಪುಣರು ಸಿಗುವುದಿಲ್ಲ. ದುಡ್ಡಿನಲ್ಲಲ್ಲ, ಶಾಬಾಸ್ ಹೇಳುವುದರಲ್ಲಿ!

ಯಮಕನಮರಡಿಯ ಶಾಲೆಯೊಂದರಲ್ಲಿ ಆಗ ಅವರು ಪಿ.ಟಿ. ಮಾಸ್ತರು, ನಾನು ಅಲ್ಲೇ ನಾಲ್ಕುನೂರು ಮೀಟರ್ ಓಡುತ್ತಿದ್ದ ಹುಡುಗಿ. ಒಂದೇ ವಾರದಲ್ಲಿ ಮೂರು ಬೆಳಗು ನನ್ನನ್ನು ಓಡಿಸಿದರು. ಮೂರು ಸಲವೂ ವೇಳೆ ಬೇರೆ ಬೇರೆ ಬಂತು. ಮೂರು ದಿನದಲ್ಲಿ ಕಾಲೇನು ಬದಲಾಗುತ್ತದೆಯೇ? ಆ ಅರ್ಧ ಸೆಕೆಂಡಿನ ಹೆಚ್ಚುಕಡಿಮೆ ಗಾಳಿಯದು, ನಿದ್ದೆಯದು, ಸ್ಟಾಪ್‌ವಾಚು ಒತ್ತುವ ಹೆಬ್ಬೆರಳಿನದು ಎಂಬುದು ಅವರ ವಾದ. ಅಂದಿನಿಂದ ಅರ್ಧ ಸೆಕೆಂಡಿನೊಳಗಿನ ಯಾವ ಸುಧಾರಣೆಯೂ ಲೆಕ್ಕಕ್ಕಿಲ್ಲ. ನಾನು ಕುಣಿಯುತ್ತ ಬಂದರೆ "ಹೆಬ್ಬೆರಳಿಂದು" ಎಂದು ವೇಳೆ ಬರೆಯುವ ಪುಸ್ತಕ ಮುಚ್ಚುತ್ತಿದ್ದರು. ಅರ್ಧ ದಾಟಿದರೆ, ಇನ್ನೆರಡು ಬೆಳಗು ಹಾಗೇ ಓಡಿ ತೋರಿಸಬೇಕಿತ್ತು. ಮೂರನೆಯ ಬೆಳಗು ನಾನು ಸುಸ್ತಾಗಿರುತ್ತಿದ್ದೆ. ಅವರ ಹೆಂಡತಿ, ನಮ್ಮ ಕಾಕು, ಚಹಾ ಹೇಗಿದೆ ಎಂದು ಕೇಳಿದರೂ ಇನ್ನೆರಡು ಕಪ್ಪು ಕುಡಿದ ಮೇಲೆಯೇ ಉತ್ತರ!

ಹೋದ ವರ್ಷ ಕಾಕಾನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಮೊದಲಿನಂತೆ ನಡೆದೇನೋ ಇಲ್ಲವೋ ಎಂಬ ಹೆದರಿಕೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ವಾಚನ್ನು ನನ್ನ ಕೈಗಿಟ್ಟರು. ಹೊಸ್ತಿಲಿಂದ ಬೇವಿನ ಮರದವರೆಗೆ ನಡೆಯುವುದು. ಮೊದಲ ವಾರದ ಮೂರು ನಡಿಗೆಗಳ ನಡುವೆ ಆರು ಸೆಕೆಂಡಿನ ಅಂತರ ಬಂತು. ಅಂದರೆ ಇನ್ನು ಮುಂದೆ ಆರರೊಳಗೆ ಇಳಿದದ್ದೆಲ್ಲ ನನ್ನ ಹೆಬ್ಬೆರಳಿನ ಪಾಲು!

ನಾಲ್ಕು ಸೆಕೆಂಡು ಇಳಿದ ದಿನ ಕಾಕು ಖುಷಿಯಿಂದ ಸಿಹಿ ಮಾದಲಿ ಮಾಡಿದರು. ಕಾಕಾ ಮುಟ್ಟದೆ ತಟ್ಟೆಯನ್ನು ನನ್ನತ್ತ ಸರಿಸಿದರು. ಐದು ಇಳಿದಾಗಲೂ ಅದೇ ಕಥೆ. ಎರಡು ತಿಂಗಳಲ್ಲಿ ನನ್ನ ತೂಕ ಏರಿತು. ಆ ಬದಲಾವಣೆಯನ್ನು ಮಾತ್ರ ಅವರು ಒಂದೇ ನೋಟಕ್ಕೆ ಖರೆ ಎಂದು ಒಪ್ಪಿಕೊಂಡರು.

ತಡೆಯಲಾರದೆ ಒಮ್ಮೆ ನಾನು, ಅವರು ಮರ ಮುಟ್ಟುವ ಮೊದಲೇ ವಾಚನ್ನು ಒತ್ತಿಬಿಟ್ಟೆ. ಹನ್ನೆರಡು ಸೆಕೆಂಡು ಇಳಿದಿತ್ತು. ಕಾಕಾ ವಾಚನ್ನು ನೋಡಿದರು, ನನ್ನನ್ನೂ ನೋಡಿದರು.

"ಸುಳ್ಳ ಸಮಾಧಾನ ಬ್ಯಾಡ ಯವ್ವಾ. ಖರೆ ಎಷ್ಟ ಐತಿ ಅಷ್ಟ ಸಾಕು."

ಮತ್ತೆ ಹೊಸ್ತಿಲಿಗೆ ಹೋಗಿ ನಿಂತರು.

ಹೋದ ವಾರ ಒಂಬತ್ತು ಸೆಕೆಂಡು ಇಳಿಯಿತು. ಮರುದಿನವೂ ಒಂಬತ್ತು. ಮೂರನೆಯ ಬೆಳಗು ಹತ್ತು. ಕಾಕಾ ಬೇವಿನ ಮರ ಹಿಡಿದು ತಮ್ಮ ಬಲಗಾಲನ್ನು ನೋಡಿಕೊಂಡರು.

"ಇದು ಕಾಲಿಂದು," ಎಂದರು.

ಮಾಡಿ ಮಾಡಿ ಬೇಸತ್ತಿದ್ದ ಕಾಕು ಅಂದು ಮಾದಲಿ ಮಾಡಿರಲಿಲ್ಲ. ಬಿಸಿ ರೊಟ್ಟಿಗೆ ಬೆಲ್ಲ, ತುಪ್ಪ ಹಾಕಿ ತಂದರು. ಕಾಕಾ ಸೋತಿದ್ದ ಬಲಗೈಯಿಂದಲೇ ರೊಟ್ಟಿ ಮುರಿದು ಮೊದಲ ತುಂಡನ್ನು ನನಗೆ ಕೊಟ್ಟರು.

"ನೀ ಓಡೂವಾಗ ಒಮ್ಮೆರೆ ಹಿಂಗ ಕೊಡಬೇಕಿತ್ತ ನಾ."

ಆ ತುಂಡನ್ನು ಬಾಯಿಗಿಟ್ಟುಕೊಂಡು ನಾನು ಅತ್ತುಬಿಟ್ಟೆ.