ಒಂಬತ್ತನೇ ಗುಂಡಿ

ನನ್ನ ಸಂಸಾರದಲ್ಲಿ ಬಿರುಗಾಳಿ ಎಬ್ಬಿಸಿದ್ದು ಒಂದು ಹೆಬ್ಬೆಟ್ಟು. ಅದೂ ಮೂಳೆ ಮಾಂಸದ್ದಲ್ಲ, ಫೋನಿನಲ್ಲಿ ಬರುತ್ತದಲ್ಲ, ಆ ಹಳದಿ ಹೆಬ್ಬೆಟ್ಟು.

ನನ್ನ ಗಂಡನ ಕಡೆಯವರದ್ದೊಂದು ವಾಟ್ಸಾಪ್ ಗುಂಪಿದೆ. ರಾಜಧಾನಿ ಬಿಷ್ಕೆಕ್‌ನಿಂದ ಬೆಟ್ಟದೂರು ನರೀನ್‌ವರೆಗೆ ಹರಡಿಕೊಂಡಿರುವ ಬಳಗವೆಲ್ಲ ಅದರಲ್ಲಿದೆ. ಅಲ್ಲಿ ಯಾರೂ ಸುಮ್ಮನೆ 'ಹಬ್ಬದ ಶುಭಾಶಯ' ಎಂದು ಮುಗಿಸುವುದಿಲ್ಲ. ನಿಮ್ಮ ಹಿಟ್ಟಿನ ಚೀಲ ಬರಿದಾಗದಿರಲಿ ಎಂದು ಶುರು ಮಾಡಿದರೆ ಕುರಿ, ಕುದುರೆ, ಅಳಿಯ, ಮೊಮ್ಮಕ್ಕಳು ಎಲ್ಲರನ್ನೂ ಹಾರೈಸಿ ಮುಗಿಸುವಷ್ಟರಲ್ಲಿ ಓದುವವರ ಚಹಾ ಆರಿರುತ್ತದೆ. ವಸಂತದ ಹೊಸ ವರ್ಷ ನೂರುಜ್ ಹಬ್ಬದ ದಿನ ಗಂಡನ ದೊಡ್ಡಪ್ಪ, ಬಳಗಕ್ಕೇ ಹಿರಿಯರು, ಇಂಥದ್ದೊಂದು ಮಹಾಕಾವ್ಯ ಕಳಿಸಿದರು. ನಾನಾಗ ಮಿನಿಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು ಹಿಡಿದು ನೇತಾಡುತ್ತಿದ್ದೆ. ಪುರುಸೊತ್ತಾಗಿದ್ದದ್ದು ಹೆಬ್ಬೆರಳೊಂದೇ. ಹೆಬ್ಬೆಟ್ಟನ್ನೇ ಕಳಿಸಿದೆ.

ಆಮೇಲೆ ಯಾರದೋ ಮನೆಯ ಊಟದಲ್ಲಿ ದೊಡ್ಡಪ್ಪ ನನ್ನ ಅತ್ತೆಯನ್ನು ಎಲ್ಲರೆದುರೇ ಕೇಳಿದರಂತೆ, "ಏನಮ್ಮಾ, ನಿನ್ನ ಸೊಸೆಗೆ ಎರಡಕ್ಷರ ಬರಿಯೋಕೆ ಬರಲ್ವಾ?" ಮಾತು ಅಲ್ಲಿಗೇ ನಿಲ್ಲಲಿಲ್ಲ. ನಮ್ಮಲ್ಲಿ ಊಟಕ್ಕೆ ಕೂರುವ ಜಾಗಕ್ಕೂ ಲೆಕ್ಕವಿದೆ. ಬಾಗಿಲಿನಿಂದ ದೂರವಾದಷ್ಟೂ ಮರ್ಯಾದೆ ಹೆಚ್ಚು. ಯಾವಾಗಲೂ ಒಳಗಿನ ಸಾಲಿನಲ್ಲಿ ಕೂರುವ ನನ್ನ ಅತ್ತೆಗೆ ಅಂದು ಬಾಗಿಲ ಪಕ್ಕ, ಬೂಟುಗಳ ರಾಶಿಯ ಹತ್ತಿರ ಜಾಗ ಸಿಕ್ಕಿತು. (ಅತ್ತೆಯ ಹೆಸರು ಕೇಳಬೇಡಿ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ನಾನು ಅವರನ್ನು ಅಪಾ, ಅಂದರೆ ಅಮ್ಮ, ಎನ್ನುತ್ತೇನೆ.)

ಮನೆಗೆ ಬಂದ ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಕೂತು ಹಿಟ್ಟು ನಾದಿದರು. ಹಿಟ್ಟಿಗೆ ಬೀಳುತ್ತಿದ್ದ ಒಂದೊಂದು ಗುದ್ದೂ ನನಗೇ ಬಿದ್ದಂತಾಗಿ ಕಣ್ಣಲ್ಲಿ ನೀರು ಬಂತು. ಶರತ್ಕಾಲಕ್ಕೆ ದೊಡ್ಡಪ್ಪನ ಎಪ್ಪತ್ತೈದನೇ ಹುಟ್ಟುಹಬ್ಬದ ಔತಣ. ಅಷ್ಟರೊಳಗೆ ಅತ್ತೆಯ ಜಾಗ ಅವರಿಗೆ ವಾಪಸ್ಸು ಕೊಡಿಸದಿದ್ದರೆ ನನ್ನ ಹೆಸರು ಬುರುಲ್ ಅಲ್ಲ ಎಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಆದರೆ ದಿನಾ ಕೂತು ಮಹಾಕಾವ್ಯ ಬರೆಯಲು ನನಗೆಲ್ಲಿ ಪುರುಸೊತ್ತು? ಹೊಲಿಗೆ ಕಾರ್ಖಾನೆಯಲ್ಲಿ ಆರ್ಡರು ಬರೆದುಕೊಳ್ಳುವ ಕೆಲಸ ನನ್ನದು. ಅಲ್ಲಿ ಪಕ್ಕದ ಮೇಜಿನವಳ ಹತ್ತಿರ ಅಂಗೈಯಗಲದ ಒಂದು ಕೀಪ್ಯಾಡ್ ಇತ್ತು. ಯಾವ ಗುಂಡಿಗೆ ಏನು ಕಲಿಸಿಟ್ಟರೂ ಒತ್ತಿದ ಕೂಡಲೇ ಅಷ್ಟನ್ನೂ ತಾನೇ ಟೈಪ್ ಮಾಡಿ ಕಳಿಸಿಬಿಡುತ್ತಿತ್ತು. ನನಗೆ ಜ್ಞಾನೋದಯವಾಯಿತು. ಬಿಡಿಬಿಡಿಯಾಗಿ ಬಂದು ನಾವೇ ಜೋಡಿಸಿಕೊಳ್ಳಬೇಕಾದ ಅಂಥದ್ದೇ ಒಂದು ಪೊಟ್ಟಣವನ್ನು ನಾನೂ ತರಿಸಿದೆ.

"ಬೆಸುಗೆ ಹಾಕ್ತೀಯಾ? ನೀನು?" ಅಂದರು ನನ್ನ ಗಂಡ. "ನೀನು ಬೋರ್ಸೊಕ್ ಹಿಟ್ಟುಂಡೆ ಕರಿಯೋವಾಗಲೇ ಅಗ್ನಿಶಾಮಕದವರನ್ನ ಕರೀಬೇಕು ಅನ್ನಿಸತ್ತೆ."

"ರಿಮೋಟಿಗೆ ಸೆಲ್ ಹಾಕೋಕೆ ತಮ್ಮನ್ನ ಕರೆಸೋರು ನೀವು. ಸುಮ್ನೆ ಟಾರ್ಚ್ ಹಿಡ್ಕೊಳ್ಳಿ," ಅಂದೆ.

ಪೊಟ್ಟಣದೊಳಗೆ ಒಂದು ಹಸಿರು ಹಲಗೆ, ಒತ್ತಿದರೆ ಟಕ್ ಎನ್ನುವ ಒಂಬತ್ತು ಸ್ವಿಚ್ಚು, ಅವುಗಳ ಟೋಪಿ, ಇಷ್ಟಕ್ಕೆಲ್ಲ ಮಿದುಳಿನಂತಿರುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್, ಆಮೇಲೆ ಜೀರಿಗೆಯಷ್ಟಿರುವ ಡಯೋಡುಗಳು. ಜೀರಿಗೆಯ ಒಂದು ತುದಿಗೆ ಕಪ್ಪು ಗೀಟು ಇರುತ್ತದೆ. ಆ ಗೀಟು ಸರಿಯಾದ ಕಡೆಗೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಕರೆಂಟು ಮುಂದಕ್ಕೆ ಹೋಗುವುದಿಲ್ಲ. ಇದು ನನಗೆ ಗೊತ್ತಾದದ್ದು ಎಲ್ಲವನ್ನೂ ಬೆಸೆದು ಮುಗಿಸಿದ ಮೇಲೆ. ಒಂದು ಗುಂಡಿಯೂ ತುಟಿಪಿಟಕ್ಕೆನ್ನಲಿಲ್ಲ. ಅಷ್ಟನ್ನೂ ಕಿತ್ತೆ. ಜೀರಿಗೆಗಳನ್ನೆಲ್ಲ ತಿರುಗಿಸಿ ಕೂರಿಸಿದೆ. ಆ ಭರಾಟೆಯಲ್ಲಿ ಚಿಪ್ಪನ್ನೇ ಮಗುಚಿ ಬೆಸೆದಿದ್ದೆ. ಮತ್ತೆ ಕಿತ್ತೆ. ಬೆರಳು ಸುಟ್ಟಿತು, ಮೇಜಿನ ಬಟ್ಟೆ ತೂತಾಯಿತು (ಅದರ ಮೇಲೆ ಸಕ್ಕರೆ ಡಬ್ಬ ಇಟ್ಟಿದ್ದೇನೆ, ಈಗಲೂ ಅಲ್ಲೇ ಇದೆ). ಗಂಡ ಬಿಟ್ಟುಬಿಡೇ ಮಾರಾಯ್ತಿ ಎಂದು ಬೇಡಿಕೊಂಡರು. ಅವರು ಹಾಗೆಂದಷ್ಟೂ ನನಗೆ ಹಟ ಹೆಚ್ಚಾಯಿತು. ಬೂಟುಗಳ ಪಕ್ಕ ಕೂತ ಅತ್ತೆ ಕಣ್ಣೆದುರಿಗೆ ಬರುತ್ತಿದ್ದರು. ಕೊನೆಗೊಂದು ಭಾನುವಾರ ಎಲ್ಲ ಗುಂಡಿಗಳೂ ಟಕ್ಕೆಂದು ಉಸಿರಾಡಿದವು.

ಈಗ ಅವಕ್ಕೆ ಏನು ಕಲಿಸುವುದು? ಹಾರೈಕೆ ನನ್ನ ತಲೆಯಲ್ಲೇ ಹುಟ್ಟುವಂತಿದ್ದರೆ ಹೆಬ್ಬೆಟ್ಟು ಯಾಕೆ ಕಳಿಸುತ್ತಿದ್ದೆ? ಊಟವಾದ ಮೇಲೆ ಅತ್ತೆ ಅಂಗೈ ಚಾಚಿ ಹರಸುತ್ತಾರಲ್ಲ, ಆ ಮಾತುಗಳನ್ನೇ ಪಾತ್ರೆ ತೆಗೆಯುವ ನೆಪದಲ್ಲಿ ಕೇಳಿಸಿಕೊಂಡು ತುಂಬಿದೆ. ಒಂದನೇ ಗುಂಡಿಗೆ ಹುಟ್ಟುಹಬ್ಬ, ಎರಡಕ್ಕೆ ಮದುವೆ, ಮೂರಕ್ಕೆ ತೊಟ್ಟಿಲು, ಹೀಗೆ ಹೊಸ ಕಾರಿನವರೆಗೆ. ಒಂಬತ್ತನೆಯದಕ್ಕೆ ಏನೂ ಹೊಳೆಯದೆ ಖಾಲಿ ಬಿಟ್ಟೆ.

ದೊಡ್ಡಪ್ಪನ ಹುಟ್ಟುಹಬ್ಬ ಬಂತು. ಬೆಳಿಗ್ಗೆಯೇ ಅಡಿಗೆಮನೆಯ ಮೇಜಿನ ಮೇಲೆ ಕೀಪ್ಯಾಡನ್ನು ಫೋನಿಗೆ ಸಿಕ್ಕಿಸಿ, ಗುಂಪು ತೆರೆದು, ಒಂದನೇ ಗುಂಡಿ ಒತ್ತಿದೆ. ಹಾರೈಕೆ ಧಾರಾಕಾರವಾಗಿ ಹೋಯಿತು. ಗೆದ್ದೆ ಎಂದುಕೊಂಡು ಎಲ್ಲವನ್ನೂ ಅಲ್ಲೇ ಬಿಟ್ಟು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ.

ವಾಪಸ್ಸು ಬಂದು ನೋಡುತ್ತೇನೆ, ಅತ್ತೆ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಹಿಟ್ಟು ನಾದುತ್ತಿದ್ದಾರೆ. ಕೀಪ್ಯಾಡ್ ಬಟ್ಟೆಯ ಕೆಳಗೆ. ಗುದ್ದಿಗೊಂದು ಹಾರೈಕೆ ಫೋನಿನಲ್ಲಿ ಹೊರಟುಹೋಗುತ್ತಿದೆ. ತಂತಿ ಕೀಳುವಷ್ಟರಲ್ಲಿ ದೊಡ್ಡಪ್ಪನ ಧ್ವನಿ ಸಂದೇಶ ಬಂದೇಬಿಟ್ಟಿತು.

"ಮಗಳೇ, ಈ ವಯಸ್ಸಿನವರೆಗೆ ನನಗೆ ಯಾರೂ ಇಷ್ಟು ಸಲ ಹಾರೈಸಿರಲಿಲ್ಲ. ನಡುನಡುವೆ ಮದುವೆಗೆ, ತೊಟ್ಟಿಲಿಗೆ ಅಂತಾನೂ ಹಾರೈಸಿದೀಯ. ನಿನ್ನ ದೊಡ್ಡಮ್ಮ ನನ್ನನ್ನ ಒಂಥರಾ ನೋಡ್ತಿದಾಳೆ. ಇರಲಿ. ಔತಣದಲ್ಲಿ ಮೊದಲು ಮೈಕು ನಿನಗೇ ಕೊಡ್ತೀನಿ, ನಿನ್ನ ಬಾಯಿಂದಾನೇ ಕೇಳಬೇಕು."

ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ಸಂಜೆ ಔತಣದ ಮನೆಯಲ್ಲಿ ಜನ ಕಿಕ್ಕಿರಿದಿದ್ದರು. ಅತ್ತೆ ಆಗಲೂ ಬಾಗಿಲ ಪಕ್ಕವೇ ಕೂತಿದ್ದರು. ನಾನು ಚೆನ್ನಾಗಿ ಮಾತಾಡಿದರೆ ಅವರು ಒಳಗೆ, ತಪ್ಪಿದರೆ ಇನ್ನು ಬೂಟುಗಳೇ ಗತಿ. ಮೈಕು ಕೈಗೆ ಬಂತು. ಒಂದೇ ಒಂದು ಪದ ನೆನಪಾಗಲಿಲ್ಲ. ಆಗಬೇಕಾದರೂ ಹೇಗೆ, ಎಲ್ಲ ಗುಂಡಿಯೊಳಗಿತ್ತು, ಗುಂಡಿ ಮನೆಯಲ್ಲಿತ್ತು. ಜನ ಕಾದರು. ದೊಡ್ಡಪ್ಪ ಕಿವಿಗೆ ಕೈ ಕೊಟ್ಟು ಮುಂದಕ್ಕೆ ಬಾಗಿದರು. ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು.

ಮನೆ ತುಂಬ ಪಿಸುಪಿಸು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಅತ್ತೆ ಎದ್ದು, ಬೂಟುಗಳನ್ನು ದಾಟಿಕೊಂಡು ಬಂದು, ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಭಾವಾ, ನಿಮ್ಮ ಹೊಸ್ತಿಲು ಅತಿಥಿ ಇಲ್ಲದೆ ತಣ್ಣಗಾಗದಿರಲಿ. ಹಿಟ್ಟಿನ ಚೀಲದ ತಳ ಕಾಣದಿರಲಿ. ಕುದುರೆ ಎಡವದಿರಲಿ, ಮೊಮ್ಮಕ್ಕಳ ಗಲಾಟೆಗೆ ನಿಮ್ಮ ನಿದ್ದೆ ಕೆಡಲಿ."

ಒಂದಕ್ಷರ ಬಿಡದೆ ಒಂದನೇ ಗುಂಡಿ ಪೂರ್ತಿ ಹೇಳಿದರು. ಎಲ್ಲರೂ ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು. ಓಹೋ, ಸೊಸೆಗೆ ಹೇಳಿಕೊಟ್ಟ ಗುರು ಇಲ್ಲಿದ್ದಾಳೆ ಎಂದು ದೊಡ್ಡಪ್ಪ ತಾವೇ ಶಾಲು ಹೊದಿಸಿ, ಅತ್ತೆಯನ್ನು ಕರೆದುಕೊಂಡು ಹೋಗಿ ಒಳಗಿನ ಸಾಲಿನ ನಟ್ಟನಡುವೆ ಕೂರಿಸಿದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ನಾನು ಹಿಟ್ಟು ನಾದುವಾಗ ಕೆಳಗೆ ಟಕ್ ಟಕ್ ಅಂತಿತ್ತಲ್ಲ, ಆ ಡಬ್ಬಿ ಎಲ್ಲಿ?"

ತಂದುಕೊಟ್ಟೆ.

"ಇದರೊಳಗಿರೋದು ನನ್ನ ಮಾತು ತಾನೆ? ನನ್ನ ಕೋಣೇಲೇ ಇರಲಿ."

ಅಂದಿನಿಂದ ಡಬ್ಬಿ ಅತ್ತೆಯ ಫೋನಿಗೇ ಸಿಕ್ಕಿಕೊಂಡಿದೆ, ಬಳಗದಲ್ಲಿ ಅವರ ಕೀರ್ತಿ ಮುಗಿಲು ಮುಟ್ಟಿದೆ. ಒಂಬತ್ತನೇ ಗುಂಡಿ ಖಾಲಿ ಇದೆಯೆಂದು ಗೊತ್ತಾದಾಗ ಮಗನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಏನೋ ತುಂಬಿಸಿಕೊಂಡರು. (ರಿಮೋಟಿಗೆ ಸೆಲ್ ಹಾಕಲು ಬಾರದ ಆ ಮಹಾನುಭಾವರು ಇದನ್ನು ಯಾವಾಗ ಕಲಿತರೋ!) ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ.

ಮೊನ್ನೆ ಅವರ ಹುಟ್ಟುಹಬ್ಬ. ಗುಂಡಿಗಳಂತೂ ನನ್ನ ಕೈಯಲ್ಲಿಲ್ಲ. ಊಟದ ಬಿಡುವು ಪೂರ್ತಿ ಕೂತು, ಬೆರಳು ನೋಯಿಸಿಕೊಂಡು, ನನ್ನದೇ ಮಾತಿನಲ್ಲಿ ಉದ್ದದ ಹಾರೈಕೆ ಬರೆದೆ. ಬೂಟುಗಳನ್ನು ದಾಟಿ ಬಂದು ನನ್ನ ಮಾನ ಉಳಿಸಿದ ಅಪಾ ನೂರು ವರ್ಷ ಬಾಳಲಿ ಎಂಬಲ್ಲಿ ನನಗೇ ಅಳು ಬಂತು. ತಿದ್ದಿ ತೀಡಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ಬಳಗವೆಲ್ಲ ನೋಡಲಿ ಎಂದು ಗುಂಪಿನಲ್ಲೇ ಕಳಿಸಿದೆ.

ಅತ್ತೆಯ ಕೋಣೆಯಿಂದ ಟಕ್ ಎಂದು ಒಂದು ಸಲ ಸದ್ದು ಕೇಳಿಸಿತು. ಫೋನು ನೋಡಿದೆ. ಹಳದಿ ಹೆಬ್ಬೆಟ್ಟು.